ಸೋರಿಯಾಸಿಸ್ ರೋಗಿಯ ಕಳೆದ ಏಳು ದಿನ



ಕಳೆದ ಸಂಚಿಕೆಯ ಈ ಅಂಕಣದಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆಯೂ ಬೋರ್ಡೋ ದ್ರಾವಣ ತಯಾರಿಸುವ ಕ್ರಮದ ಬಗ್ಗೆಯೂ ಬರೆದಿದ್ದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ನಿಮಗೆಲ್ಲ ಬಾಯಿಪಾಠವೇ ಇದ್ದರೂ ತಾಳ್ಮೆಯಿಂದ ಓದಿದಿರಿ. ಅದನ್ನು ಓದಿದ ಒಬ್ಬರು ಒಂದು ಭಾನುವಾರ ಪೂಜೆ ಮುಗಿದು ಎಲ್ಲರೂ ಹೊರಟ ಮೇಲೆ ಸಾಕ್ರಿಸ್ತಿಯ ಬಾಗಿಲ ಬಳಿ ಬಂದು ನಿಂತು, "ಮರದ ಮದ್ದಿನ ವಿಷಯ ಬರೆದಿರಿ ಫಾದರ್, ಒಮ್ಮೆ ಮದ್ದು ಬಿಡುವವನ ಕೈಯ ವಿಷಯವೂ ಬರೆಯಿರಿ" ಎಂದು ತಮ್ಮ ಎರಡು ಅಂಗೈಗಳನ್ನು ಬಿಚ್ಚಿ ತೋರಿಸಿದರು. ಬೇಸಿಗೆಯ ಗದ್ದೆಯ ಹಾಗೆ ಬಿರಿದ ಅಂಗೈ. ಅವರಿಗಿರುವುದು ಸೋರಿಯಾಸಿಸ್. ಅವರ ಒಪ್ಪಿಗೆ ಪಡೆದು, ಹೆಸರು ಮತ್ತು ವಾರ್ಡು ತಿಳಿಸದೆ, ಈ ತಿಂಗಳ ಲೇಖನವನ್ನು ಬರೆಯುತ್ತಿದ್ದೇನೆ.

ರೋಗದ ಪರಿಚಯವನ್ನು ಚುಟುಕಾಗಿ ಮಾಡಿಕೊಳ್ಳೋಣ. ನಮ್ಮ ಚರ್ಮದ ಮೇಲ್ಪದರ ಸುಮಾರು ಒಂದು ತಿಂಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಹಳೆಯದು ನಮಗೆ ಗೊತ್ತಾಗದಂತೆಯೇ ಉದುರಿಹೋಗುತ್ತದೆ. ಸೋರಿಯಾಸಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತಪ್ಪಾದ ಸೂಚನೆ ಕೊಟ್ಟು, ಈ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುವಂತೆ ಅವಸರ ಮಾಡುತ್ತದೆ. ಬಲಿಯದ ಪದರಗಳು ಒಂದರ ಮೇಲೊಂದು ಕೂತು, ಕೆಂಪು ಕಲೆಯೂ ಅದರ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟೂ ಕಾಣಿಸುತ್ತವೆ. ಮೊಣಕೈ, ಮೊಣಕಾಲು, ತಲೆ, ಬೆನ್ನಿನ ಕೆಳಭಾಗ ಇದರ ಮಾಮೂಲು ಜಾಗಗಳು. ಕೆಲವರಿಗೆ ಅಂಗೈ ಅಂಗಾಲುಗಳಲ್ಲಿ ಮಾತ್ರ ಬರುತ್ತದೆ. ಇದು ಅಂಟುರೋಗವಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಅದೇ ಬೈರಾಸಿನಲ್ಲಿ ಮೈ ಒರೆಸಿಕೊಂಡರೆ ಬರುವುದಿಲ್ಲ. ಕುಟುಂಬದಲ್ಲಿ ಹರಿದುಬರುವ ಗುಣ ಇದಕ್ಕೆ ಉಂಟು, ಆದರೂ ತಂದೆ ತಾಯಿಯರಲ್ಲಿ ಒಬ್ಬರಿಗಿದ್ದ ಮಾತ್ರಕ್ಕೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಹೆಣ್ಣು ನೋಡಲು ಹೋಗುವವರು ಈ ಕೊನೆಯ ವಾಕ್ಯವನ್ನು ಎರಡು ಸಲ ಓದಬೇಕು.

ಇನ್ನು ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಈ ರೋಗ ಒಬ್ಬನಲ್ಲಿ ಎಷ್ಟಿದೆ ಎಂದು ಅಳೆಯುವುದು ಹೇಗೆ?

ಚರ್ಮವನ್ನು ನೋಡಿ ತೀರ್ಪು ಕೊಡುವ ಕೆಲಸ ಒಂದು ಕಾಲದಲ್ಲಿ ನನ್ನಂಥ ಯಾಜಕರದೇ ಆಗಿತ್ತು. ಹಳೆಯ ಒಡಂಬಡಿಕೆಯಲ್ಲಿ ಯಾಜಕಕಾಂಡದ 13ನೇ ಅಧ್ಯಾಯವನ್ನು ತೆರೆದು ನೋಡಿ. ಮೈಮೇಲೆ ಕಲೆ ಬಂದವನನ್ನು ಯಾಜಕನ ಬಳಿಗೆ ಕರೆತರಬೇಕು. ಸಂದೇಹವಿದ್ದರೆ ಯಾಜಕ ಅವನನ್ನು ಏಳು ದಿನ ಪ್ರತ್ಯೇಕವಾಗಿರಿಸಿ, ಏಳನೆಯ ದಿನ ಮತ್ತೆ ನೋಡಬೇಕು. ಆಗಲೂ ತಿಳಿಯದಿದ್ದರೆ ಇನ್ನೂ ಏಳು ದಿನ. ಅಲ್ಲಿ ಹೇಳಿರುವ ರೋಗ ಇಂದು ನಾವು ಕುಷ್ಠವೆನ್ನುವುದು ಒಂದೇ ಅಲ್ಲ, ಹಲವು ಚರ್ಮರೋಗಗಳಿಗೆ ಸೇರಿಸಿ ಇಟ್ಟ ಹೆಸರು ಎಂದು ಬೈಬಲ್ ಪಂಡಿತರು ಹೇಳುತ್ತಾರೆ. ಸೋರಿಯಾಸಿಸ್ ಇದ್ದ ಎಷ್ಟು ಮಂದಿ ಆ ಗುಂಪಿನಲ್ಲಿ ಸೇರಿ ಊರ ಹೊರಗೆ ಕೂತರೋ ದೇವರಿಗೇ ಗೊತ್ತು. ವಿಯೆನ್ನಾದ ವೈದ್ಯ ಫರ್ಡಿನಂಡ್ ಹೆಬ್ರಾ 1841ರಲ್ಲಿ ಇವೆರಡೂ ಬೇರೆ ಬೇರೆ ರೋಗಗಳೆಂದು ಸ್ಪಷ್ಟಪಡಿಸುವವರೆಗೆ ಯುರೋಪಿನಲ್ಲಿಯೂ ಗೊಂದಲ ಇದ್ದೇ ಇತ್ತು. ನಮ್ಮ ಊರಿನಲ್ಲಿ ಅದು ಇನ್ನೂ ಪೂರ್ತಿ ಹೋಗಿಲ್ಲ.

ಆಧುನಿಕ ವೈದ್ಯರೂ ಮೊದಲು ಕಲೆಯನ್ನೇ ಅಳೆದರು. ಬೆರಳುಗಳನ್ನು ಸೇರಿಸಿ ರೋಗಿಯ ಒಂದು ಅಂಗೈ ಅವನ ಮೈಯ ಸುಮಾರು ನೂರರಲ್ಲಿ ಒಂದು ಪಾಲು. ಹೀಗೆ ಎಷ್ಟು ಅಂಗೈಯಷ್ಟು ಕಲೆ ಇದೆ ಎಂದು ಎಣಿಸಬಹುದು. 1978ರಲ್ಲಿ ಸ್ವೀಡನ್ನಿನ ವೈದ್ಯರು ಇನ್ನೂ ಸೂಕ್ಷ್ಮವಾದ ಒಂದು ಲೆಕ್ಕ ತಂದರು. ಅದಕ್ಕೆ ಪಾಸಿ ಎಂದು ಹೆಸರು. ತಲೆ, ಕೈ, ಮುಂಡ, ಕಾಲು ಈ ನಾಲ್ಕು ಭಾಗಗಳಲ್ಲಿ ಕೆಂಪು ಎಷ್ಟು, ದಪ್ಪ ಎಷ್ಟು, ಹೊಟ್ಟು ಎಷ್ಟು, ಎಷ್ಟು ಜಾಗಕ್ಕೆ ಹರಡಿದೆ ಎಂದು ನೋಡಿ ಅಂಕ ಹಾಕುತ್ತಾರೆ. ಸೊನ್ನೆಯಿಂದ 72ರ ತನಕ ಅಂಕ. ಇಂದಿಗೂ ಹೊಸ ಮದ್ದು ಪರೀಕ್ಷಿಸುವಾಗ ಇದನ್ನೇ ಬಳಸುತ್ತಾರೆ, ಅದು ಒಳ್ಳೆಯ ಅಳತೆಯೇ.

ಆದರೆ ಸಾಕ್ರಿಸ್ತಿಯ ಬಾಗಿಲಲ್ಲಿ ನಿಂತ ನಮ್ಮ ಮನುಷ್ಯನಿಗೆ ಈ ಲೆಕ್ಕ ಹಾಕಿ ನೋಡಿ. ಎರಡು ಅಂಗೈ ಎಂದರೆ ಮೈಯ ನೂರರಲ್ಲಿ ಎರಡು ಪಾಲು. ಅವು ಎಷ್ಟೇ ಕೆಂಪಾಗಿ, ಎಷ್ಟೇ ದಪ್ಪವಾಗಿ ಬಿರಿದರೂ ಪಾಸಿಯ ಅಂಕ 72ರಲ್ಲಿ 5ನ್ನೂ ಮುಟ್ಟುವುದಿಲ್ಲ. ಪುಸ್ತಕದ ಪ್ರಕಾರ ಸಣ್ಣ ರೋಗ. ಆದರೆ ಆ ಮನುಷ್ಯ ಅಡಿಕೆ ಮರ ಹತ್ತುವವರು. ಹತ್ತುವುದು, ಕೊನೆ ಇಳಿಸುವುದು, ಮಳೆಗಾಲದಲ್ಲಿ ಮದ್ದು ಬಿಡುವುದು, ಎಲ್ಲವೂ ಆ ಎರಡು ಪಾಲು ಚರ್ಮದಿಂದಲೇ. ಬೆನ್ನಿನ ಮೇಲೆ ಹತ್ತು ಅಂಗೈಯಷ್ಟು ಕಲೆ ಇದ್ದು ಅಂಗಿಯೊಳಗೆ ಮುಚ್ಚಿಕೊಂಡು ಬ್ಯಾಂಕಿನ ಮೇಜಿನ ಮುಂದೆ ಕೂರುವವರಿಗಿಂತ ಇವರ ನಷ್ಟ ಎಷ್ಟೋ ಪಾಲು ಹೆಚ್ಚು. ಕೊಳೆರೋಗ ಬಂದಾಗ ಉದುರಿದ ಕಾಯಿಗಳನ್ನು ಎಣಿಸಿದರೆ ತೋಟದ ಸ್ಥಿತಿ ತಿಳಿಯುತ್ತದೆ. ಮನೆಯ ಸ್ಥಿತಿ ತಿಳಿಯಬೇಕಾದರೆ ಮನೆಯವರನ್ನು ಕೇಳಬೇಕು.

ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ನಗರದಲ್ಲಿ ಆಂಡ್ರ್ಯೂ ಫಿನ್ಲೆ ಎಂಬ ಚರ್ಮವೈದ್ಯರು ಇದನ್ನೇ ಮಾಡಿದರು. 1987ರಲ್ಲಿ ಸೋರಿಯಾಸಿಸ್‌ಗೆಂದೇ ಒಂದು ಪ್ರಶ್ನಾವಳಿ ತಂದ ಅವರು, 1994ರಲ್ಲಿ ಖಾನ್ ಎಂಬ ಸಹೋದ್ಯೋಗಿಯೊಡನೆ ಎಲ್ಲ ಚರ್ಮರೋಗಗಳಿಗೂ ಹೊಂದುವ ಹತ್ತು ಪ್ರಶ್ನೆಗಳ ಒಂದು ಹಾಳೆಯನ್ನು ಪ್ರಕಟಿಸಿದರು. ಇಂಗ್ಲಿಷಿನ ಮೊದಲಕ್ಷರಗಳಿಂದ ಅದನ್ನು ಡಿ.ಎಲ್.ಕ್ಯೂ.ಐ. ಎನ್ನುತ್ತಾರೆ, ಚರ್ಮರೋಗಿಯ ಜೀವನಮಟ್ಟದ ಸೂಚಿ ಎಂದು ಅರ್ಥ. ಅದು ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ಪ್ರತಿ ಪ್ರಶ್ನೆಗೂ ಉತ್ತರ ನಾಲ್ಕು ಬಗೆ: ತೀರಾ ಹೆಚ್ಚು ಎಂದರೆ 3 ಅಂಕ, ಸಾಕಷ್ಟು ಎಂದರೆ 2, ಸ್ವಲ್ಪ ಎಂದರೆ 1, ಇಲ್ಲವೇ ಇಲ್ಲ ಎಂದರೆ ಸೊನ್ನೆ. ಒಟ್ಟು 30. ಇಲ್ಲಿ ಅಂಕ ಹೆಚ್ಚಾದಷ್ಟು ಬದುಕು ಕಷ್ಟ. ಮತ್ತು ಪ್ರಶ್ನೆಗಳೆಲ್ಲವೂ ಕಳೆದ ಒಂದು ವಾರದ ಬಗ್ಗೆ. ಯಾಜಕಕಾಂಡದ ಯಾಜಕನಿಗೂ ಏಳು ದಿನ, ಕಾರ್ಡಿಫ್‌ನ ವೈದ್ಯರಿಗೂ ಏಳು ದಿನ; ಆದರೆ ಒಬ್ಬರು ಏಳು ದಿನ ಬಾಗಿಲು ಮುಚ್ಚಿ ಇರಿಸಿದರು, ಇನ್ನೊಬ್ಬರು ಆ ಏಳು ದಿನ ಹೇಗೆ ಕಳೆಯಿತು ಎಂದು ಕೇಳಿದರು. ಸೆಮಿನರಿಯಲ್ಲಿ ಆ ಅಧ್ಯಾಯವನ್ನು ಪರೀಕ್ಷೆಗಾಗಿ ಓದಿದಾಗ ನನಗೆ ಇದೆಲ್ಲ ಹೊಳೆದಿರಲಿಲ್ಲ.

ನಮ್ಮ ಈ ಬಾಂಧವರು ಮಂಗಳೂರಿನ ಒಂದು ಆಸ್ಪತ್ರೆಗೆ ಹೋದಾಗ ಅಲ್ಲಿನ ವೈದ್ಯರು ಈ ಹಾಳೆಯನ್ನು ತುಂಬಿಸಿದರು. ಅದರ ಪ್ರತಿಯನ್ನು ಅವರು ನನಗೆ ತೋರಿಸಿದ್ದಾರೆ. ಪ್ರಶ್ನೆಗಳನ್ನು ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ತುರಿಕೆ, ಉರಿ, ನೋವು ಎಷ್ಟಿತ್ತು? ಸಾಕಷ್ಟು, 2. ನಾಚಿಕೆ, ಮುಜುಗರ ಆಯಿತೇ? ತೀರಾ ಹೆಚ್ಚು, 3. ಪೇಟೆಗೆ ಹೋಗಿ ಸಾಮಾನು ತರುವುದಕ್ಕೆ, ಮನೆ ಅಂಗಳ ನೋಡಿಕೊಳ್ಳುವುದಕ್ಕೆ ಅಡ್ಡಿ ಬಂತೇ? ಸ್ವಲ್ಪ, 1. ಹಾಕುವ ಬಟ್ಟೆಯ ಮೇಲೆ ಪರಿಣಾಮ? ಸಾಕಷ್ಟು, 2, ಮೊಣಕೈಯಲ್ಲಿಯೂ ಕಲೆ ಇರುವುದರಿಂದ ಮೇ ತಿಂಗಳ ಸೆಕೆಯಲ್ಲಿಯೂ ಉದ್ದ ತೋಳಿನ ಅಂಗಿ, ಅದೂ ಬಿಳಿಯದೇ, ಹೊಟ್ಟು ಉದುರಿದರೆ ಕಾಣಬಾರದಲ್ಲ. ಜನರೊಂದಿಗೆ ಬೆರೆಯುವುದು, ಮದುವೆ, ಕೂಟ? ತೀರಾ ಹೆಚ್ಚು, 3. ಆಟೋಟಕ್ಕೆ ತೊಂದರೆ ಆಯಿತೇ? ಅವರು ನಕ್ಕು, ತನಗೆ ಸಂಬಂಧವಿಲ್ಲ ಎಂಬ ಜಾಗದಲ್ಲಿ ಗುರುತು ಹಾಕಿದರಂತೆ. ಕೆಲಸಕ್ಕೆ ಹೋಗದಂತೆ ತಡೆಯಿತೇ? ಹೌದು, 3. ಹೆಂಡತಿ, ಸ್ನೇಹಿತರು, ಹತ್ತಿರದ ನೆಂಟರೊಂದಿಗೆ ತೊಂದರೆ? ಸ್ವಲ್ಪ, 1. ಒಂಬತ್ತನೆಯದು ದಾಂಪತ್ಯ ಜೀವನದ ಪ್ರಶ್ನೆ. ಅಲ್ಲಿಯೂ ಸಂಬಂಧವಿಲ್ಲ ಎಂದೇ ಗುರುತು. ನಾನು ಕೇಳಲಿಲ್ಲ. ಕೊನೆಯದು ಚಿಕಿತ್ಸೆಯಿಂದಲೇ ಆಗುವ ತಾಪತ್ರಯ, ಎಂದರೆ ಮುಲಾಮಿನ ಜಿಡ್ಡು, ಟಾರಿನ ಕಲೆ ಹಿಡಿದ ಹೊದಿಕೆ, ಹಚ್ಚಿಕೊಂಡು ಕೂರುವ ಸಮಯ. ಸಾಕಷ್ಟು, 2.

ಒಟ್ಟು 17. ಈ ಅಂಕಗಳಿಗೆ ಅರ್ಥ ಹೇಳುವ ಒಂದು ಕ್ರಮ 2005ರಲ್ಲಿ ಬಂತು: 0 ಮತ್ತು 1 ಬಂದರೆ ಬದುಕಿಗೆ ಪೆಟ್ಟಿಲ್ಲ, 2ರಿಂದ 5 ಅಲ್ಪ, 6ರಿಂದ 10 ಸಾಧಾರಣ, 11ರಿಂದ 20 ಬಹಳ, 21ರಿಂದ 30 ವಿಪರೀತ. ಪಾಸಿಯಲ್ಲಿ 5ರೊಳಗೆ ನಿಂತ ಮನುಷ್ಯ ಇಲ್ಲಿ 'ಬಹಳ' ಎಂಬ ಸಾಲಿಗೆ ಬಂದರು. ಅದೇ ವರ್ಷ ಫಿನ್ಲೆ ಅವರು ಹತ್ತರ ನಿಯಮ ಎಂಬುದನ್ನೂ ಸೂಚಿಸಿದರು. ಮೈಯ ನೂರರಲ್ಲಿ ಹತ್ತು ಪಾಲಿಗಿಂತ ಹೆಚ್ಚು ಕಲೆ, ಅಥವಾ ಪಾಸಿ 10ಕ್ಕಿಂತ ಹೆಚ್ಚು, ಅಥವಾ ಈ ಹಾಳೆಯ ಅಂಕ 10ಕ್ಕಿಂತ ಹೆಚ್ಚು, ಇವುಗಳಲ್ಲಿ ಯಾವುದೊಂದು ಇದ್ದರೂ ಅದನ್ನು ತೀವ್ರ ಸೋರಿಯಾಸಿಸ್ ಎಂದೇ ತಿಳಿಯಬೇಕು. 2020ರಲ್ಲಿ ಅಂತರರಾಷ್ಟ್ರೀಯ ಸೋರಿಯಾಸಿಸ್ ಮಂಡಳಿಯ ತಜ್ಞರೂ, ಅಂಗೈ ಅಂಗಾಲು ಮುಖ ತಲೆ ಗುಪ್ತಾಂಗಗಳಲ್ಲಿ ರೋಗವಿದ್ದರೆ ಕಲೆ ಎಷ್ಟೇ ಸಣ್ಣದಿದ್ದರೂ ಹೊಟ್ಟೆಗೆ ಕೊಡುವ ಮದ್ದನ್ನು ಆಲೋಚಿಸಬಹುದು ಎಂದು ಹೇಳಿದರು. ಮಾತು ಸಣ್ಣದಾಗಿ ಕಂಡರೂ, ಬರಿಯ ಮುಲಾಮು ಕೊಟ್ಟು ಕಳುಹಿಸುವುದೋ ಮುಂದಿನ ಮೆಟ್ಟಿಲಿಗೆ ಹೋಗುವುದೋ ಎಂಬ ತೀರ್ಮಾನ ಇದರ ಮೇಲೆ ನಿಂತಿದೆ. ಈ ಮನುಷ್ಯ ನಾಲ್ಕು ವರ್ಷ ಮುಲಾಮಿನಲ್ಲೇ ಕಳೆದಿದ್ದರು.

ಹಾಳೆಗೆ ಅದರದೇ ದೋಷಗಳೂ ಉಂಟು. ಸಂಬಂಧವಿಲ್ಲ ಎಂದವರಿಗೆ ಸೊನ್ನೆ ಬೀಳುತ್ತದೆ. ಆಟ ಆಡಲು ಬಿಡುವೇ ಇಲ್ಲದ ಕೃಷಿಕನಿಗೂ, ವಿಧವೆಗೂ, ವಯಸ್ಸಾದವರಿಗೂ ಹೀಗೆ ಅಂಕ ಕಡಿಮೆಯಾಗಿ, ಅವರ ಕಷ್ಟ ಇದ್ದುದಕ್ಕಿಂತ ಸಣ್ಣದಾಗಿ ಕಾಣುತ್ತದೆ. 2018ರಲ್ಲಿ ಹಂಗೇರಿಯ ಸಂಶೋಧಕರು ಇದನ್ನು ಸರಿಪಡಿಸುವ ಲೆಕ್ಕವೊಂದನ್ನು ಮುಂದಿಟ್ಟರು; ಉತ್ತರಿಸಿದ ಪ್ರಶ್ನೆಗಳ ಮೇಲೆಯೇ ಸರಾಸರಿ ಹಿಗ್ಗಿಸುವ ಕ್ರಮ. ಹಾಗೆ ನೋಡಿದರೆ ಎಂಟು ಪ್ರಶ್ನೆಗಳಿಗೆ ಬಂದ 17 ಅಂಕ ಸುಮಾರು 21 ಆಗುತ್ತದೆ, ಸಾಲು 'ವಿಪರೀತ'ಕ್ಕೆ ಏರುತ್ತದೆ. ಇನ್ನೊಂದು ದೋಷ ದೊಡ್ಡದು. ಮನಸ್ಸು ಕುಸಿದಿದೆಯೇ, ಬದುಕೇ ಬೇಡ ಅನ್ನಿಸುತ್ತದೆಯೇ ಎಂದು ಈ ಹತ್ತರಲ್ಲಿ ಒಂದೂ ಪ್ರಶ್ನೆ ಕೇಳುವುದಿಲ್ಲ. ಸೋರಿಯಾಸಿಸ್ ಇರುವವರಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು. ಅದನ್ನು ಮನೆಯವರೇ, ನಾವೇ, ಬಾಯಿಬಿಟ್ಟು ಕೇಳಬೇಕು; ಕೇಳಿದರೆ ಆ ಯೋಚನೆ ಬಲಿಯುತ್ತದೆ ಎಂಬ ಹೆದರಿಕೆ ಬೇಡ. ರಾತ್ರಿ ಹಗಲೆನ್ನದೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಮಾತಾಡಬಹುದು.

ಮೈಯೊಳಗಿನ ಕಾಯಿಲೆಗಳಿಗೆ ಹೋಲಿಸಿದರೆ ಚರ್ಮದ ಕಾಯಿಲೆ ಅಷ್ಟೇನೂ ಅಲ್ಲ ಎಂದು ಭಾವಿಸುವವರಿಗೆ ಒಂದು ವಿಷಯ. 1999ರಲ್ಲಿ ಅಮೆರಿಕದ ಸಂಶೋಧಕರು ಒಂದೇ ಪ್ರಶ್ನಾವಳಿಯಿಂದ ಹಲವು ರೋಗಿಗಳನ್ನು ಹೋಲಿಸಿ ನೋಡಿದಾಗ, ಸೋರಿಯಾಸಿಸ್ ಇರುವವರ ದೈಹಿಕ ಮಾನಸಿಕ ಚಟುವಟಿಕೆಗೆ ಬಿದ್ದ ಪೆಟ್ಟು ಕ್ಯಾನ್ಸರ್, ಹೃದ್ರೋಗ, ಸಿಹಿಮೂತ್ರ ರೋಗಗಳಿಗೆ ಸರಿದೂಗುವಂಥದ್ದು ಎಂದು ಕಂಡುಬಂತು. ವಿಶ್ವ ಆರೋಗ್ಯ ಸಭೆ 2014ರಲ್ಲಿ ಈ ರೋಗದ ಬಗ್ಗೆಯೇ ಒಂದು ಠರಾವು ಅಂಗೀಕರಿಸಿ, ರೋಗಿಗಳು ಅನುಭವಿಸುವ ಕಳಂಕವನ್ನು ಹೆಸರಿಟ್ಟು ಹೇಳಿತು.

ಆ ಹಾಳೆಯಲ್ಲಿ ಎರಡು ಮತ್ತು ಐದನೆಯ ಉತ್ತರಗಳಿಗೆ 3 ಏಕೆ ಬಂತೆಂದು ನಾನು ಅವರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತೆನೆ ಹಬ್ಬದ ದಿನ ನೀವೂ ಅಲ್ಲೇ ಇದ್ದಿರಿ ಫಾದರ್" ಎಂದರು.

ನೆನಪಾಯಿತು. ಕೆಲವು ವರ್ಷಗಳ ಹಿಂದಿನ ಸೆಪ್ಟೆಂಬರ್ 8, ಕನ್ಯಾಮರಿಯಮ್ಮನವರ ಜನ್ಮದಿನದ ಹಬ್ಬ. ಹೊಸ ತೆನೆಗಳನ್ನು ಆಶೀರ್ವದಿಸಿದ ಮೇಲೆ ಹಂಚುವುದಕ್ಕೆ ಮೂರು ಬುಟ್ಟಿ ಇಟ್ಟಿದ್ದೆವು. ಒಂದು ಬುಟ್ಟಿ ವರ್ಷವರ್ಷವೂ ಇವರ ಕೈಯಲ್ಲಿ. ಆ ದಿನ ಅವರ ಮುಂದಿದ್ದ ಸಾಲು ಮೆಲ್ಲನೆ ಕರಗಿ ಆಚೀಚೆಯ ಎರಡು ಸಾಲುಗಳು ಉದ್ದವಾದವು. ಯಾರೂ ಒಂದು ಮಾತನ್ನೂ ಆಡಲಿಲ್ಲ. ಅವರು ಬುಟ್ಟಿಯನ್ನು ಪೀಠದ ಮೆಟ್ಟಿಲ ಮೇಲಿಟ್ಟು ಪಕ್ಕದ ಬಾಗಿಲಿನಿಂದ ಹೊರಟುಹೋದರು. ನಾನು ನೋಡಿದೆ, ಏನೋ ಅವಸರದ ಕೆಲಸವಿರಬೇಕು ಎಂದುಕೊಂಡೆ. ಆಮೇಲೆ ಅವರು ಪೂಜೆಗೆ ಬರುವುದು ಕಡಿಮೆಯಾಯಿತು. ಬಂದರೂ ಕೊನೆಯ ಬೆಂಚು, ಪರಮಪ್ರಸಾದಕ್ಕೆ ಎಲ್ಲರಿಗಿಂತ ಕೊನೆ. ಮನೆ ಭೇಟಿಗೆ ಹೋದಾಗ ನಾನು ಭಾನುವಾರದ ಕರ್ತವ್ಯದ ಬಗ್ಗೆ ಬುದ್ಧಿ ಹೇಳಿದೆನಲ್ಲದೆ, ಕೈಯನ್ನು ಕಂಡು "ಸ್ವಲ್ಪ ಒಡೆದಿದೆ, ತೆಂಗಿನೆಣ್ಣೆ ಹಚ್ಚಿ" ಎಂದೂ ಹೇಳಿ ಬಂದಿದ್ದೆ. ಅಂದರೆ ನಾನು ಅಳೆದದ್ದೂ ಎರಡು ಅಂಗೈಯನ್ನೇ.

ತಪ್ಪು ನಮ್ಮದು ಮಾತ್ರವೂ ಅಲ್ಲ ಎಂದು ವೈದ್ಯರೊಬ್ಬರು ಸಮಾಧಾನ ಹೇಳಿದರು. ಹಳ್ಳಿಯವರು ಆಸ್ಪತ್ರೆಗೆ ಹೋದರೆ "ಎಂಥದ್ದೂ ಇಲ್ಲ ಡಾಕ್ಟ್ರೆ, ಸ್ವಲ್ಪ ತುರಿಕೆ" ಎನ್ನುತ್ತಾರೆ. ವೈದ್ಯರ ಮುಂದೆ ನೂರು ಜನ ಕೂತಿರುತ್ತಾರೆ. ಸ್ವಲ್ಪ ತುರಿಕೆಗೆ ಸ್ವಲ್ಪ ಮದ್ದು ಬರೆಯುತ್ತಾರೆ. ಮರ ಹತ್ತದೆ ಎಷ್ಟು ದಿನವಾಯಿತು, ರಾತ್ರಿ ಎಷ್ಟು ಸಲ ಎದ್ದಿರಿ, ಯಾವ ಮದುವೆಗೆ ಹೋಗಲಿಲ್ಲ, ಇದನ್ನು ಹೇಳಬೇಕು. ಕೇಳದಿದ್ದರೂ ಹೇಳಬೇಕು. ಬೆಳಿಗ್ಗೆ ಎದ್ದಾಗ ಗಂಟುಗಳು ಬಿಗಿಯುತ್ತವೆಯೇ, ಬೆರಳು ಊದುತ್ತದೆಯೇ, ಹಿಮ್ಮಡಿ ನೋಯುತ್ತದೆಯೇ ಎಂಬುದನ್ನಂತೂ ಬಿಡಬಾರದು, ಏಕೆಂದರೆ ಸೋರಿಯಾಸಿಸ್ ಇರುವ ನೂರು ಜನರಲ್ಲಿ ಮೂವತ್ತರ ತನಕ ಮಂದಿಗೆ ಅದರ ಸಂಧಿವಾತ ಬರಬಹುದು, ತಡಮಾಡಿದರೆ ಗಂಟುಗಳು ಸೊಟ್ಟಗಾಗಿ ಹಾಗೆಯೇ ಉಳಿಯುತ್ತವೆ. ಮನೆಯವರ ಕಷ್ಟವನ್ನು ಅಳೆಯಲು ಸಹ 2007ರಲ್ಲಿ ಕಾರ್ಡಿಫ್‌ನವರೇ ಬೇರೊಂದು ಹಾಳೆ ಮಾಡಿದ್ದಾರೆ. ದಿನಾ ಹೊದಿಕೆ ಒಗೆಯುವ ಹೆಂಡತಿಯನ್ನು ಕೇಳುವವರು ಯಾರೂ ಇರಲಿಲ್ಲ, ಈಗ ಅದಕ್ಕೂ ಲೆಕ್ಕವಿದೆ.

ಕೃಷಿಕರಿಗೆಂದೇ ಕೆಲವು ಎಚ್ಚರಿಕೆಗಳು. ಈ ರೋಗ ಇರುವವರ ಚರ್ಮಕ್ಕೆ ಗಾಯವಾದರೆ ಅದೇ ಗಾಯದ ಗೆರೆಯ ಮೇಲೆ ಒಂದೆರಡು ವಾರಗಳಲ್ಲಿ ಹೊಸ ಕಲೆ ಏಳುವುದುಂಟು. 19ನೇ ಶತಮಾನದಲ್ಲಿ ಇದನ್ನು ಗಮನಿಸಿದ ಜರ್ಮನ್ ವೈದ್ಯರ ಹೆಸರಿನಿಂದ ಕೋಬ್ನರ್ ಲಕ್ಷಣ ಎನ್ನುತ್ತಾರೆ. ಕತ್ತಿಯ ಗೀರು, ಮುಳ್ಳು, ಮರ ಹತ್ತುವಾಗಿನ ಉಜ್ಜು, ಕೆರೆದುಕೊಳ್ಳುವ ಉಗುರು, ಎಲ್ಲವೂ ಗಾಯವೇ. ಬೋರ್ಡೋ ದ್ರಾವಣದ ಸುಣ್ಣ ಬಿರಿದ ಕೈಯನ್ನು ಇನ್ನಷ್ಟು ಕೆಡಿಸುತ್ತದೆ. ಒಳಗೆ ಹತ್ತಿಯ ಗವಸು, ಮೇಲೆ ರಬ್ಬರಿನದು ಹಾಕಿ, ಕೆಲಸ ಮುಗಿದೊಡನೆ ತೊಳೆದು, ಕೈ ಇನ್ನೂ ಒದ್ದೆ ಇರುವಾಗಲೇ ತೆಂಗಿನೆಣ್ಣೆಯನ್ನೋ ವ್ಯಾಸಲಿನ್ನನ್ನೋ ಹಚ್ಚಬೇಕು. ತೆಂಗಿನೆಣ್ಣೆ ಒಳ್ಳೆಯದೇ, ನಾನು ಹೇಳಿದ್ದು ತಪ್ಪಲ್ಲ, ಸಾಲದು ಅಷ್ಟೇ. ಆದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಸುಡುವುದು, ಮೈಲುತುತ್ತು ಅರೆದು ಮೆತ್ತುವುದು, ಇವನ್ನು ದಯವಿಟ್ಟು ಮಾಡಬೇಡಿ. ಸಾರಾಯಿ ಮತ್ತು ಬೀಡಿ ಎರಡೂ ಈ ರೋಗವನ್ನು ಕೆರಳಿಸುತ್ತವೆ.

ಮದ್ದಿನ ವಿಷಯದಲ್ಲಿ ಎರಡೇ ಮಾತು, ಎರಡೂ ಜೀವದ ಪ್ರಶ್ನೆ. ಮೊದಲನೆಯದಾಗಿ, ವೈದ್ಯರು ಮೆಥೋಟ್ರೆಕ್ಸೇಟ್ ಎಂಬ ಗುಳಿಗೆ ಬರೆದುಕೊಟ್ಟರೆ ಅದನ್ನು ವಾರದಲ್ಲಿ ಒಂದು ದಿನ ಮಾತ್ರ ತೆಗೆದುಕೊಳ್ಳುವುದು. ಬೇಗ ಗುಣವಾಗಲೆಂದು ದಿನಾ ನುಂಗಿದವರು ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಸತ್ತದ್ದುಂಟು. ಯಾವ ವಾರ ಎಂಬುದನ್ನು ಗುಳಿಗೆಯ ಚೀಟಿಯ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿಕೊಳ್ಳಿ. ಆಗಾಗ ರಕ್ತಪರೀಕ್ಷೆ ಬೇಕು, ಮದ್ಯ ಮುಟ್ಟಬಾರದು, ಗರ್ಭಿಣಿಯರಿಗೆ ಮತ್ತು ಮಗುವಿನ ನಿರೀಕ್ಷೆಯಲ್ಲಿರುವವರಿಗೆ ಇದು ಸಲ್ಲದು. ಎರಡನೆಯದಾಗಿ, ಹೆಸರು ಚೀಟಿ ಇಲ್ಲದ ಪುಡಿ ಗುಳಿಗೆಗಳು. ಅವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ವಾರದೊಳಗೆ ಕಲೆ ಮಾಯವಾಗುತ್ತದೆ, ಜನ ಕೊಂಡಾಡುತ್ತಾರೆ. ನಿಲ್ಲಿಸಿದ ಕೂಡಲೇ ಮೈಯಿಡೀ ಕೆಂಪಾಗಿ, ಕೀವಿನ ಬೊಕ್ಕೆ ಎದ್ದು ಆಸ್ಪತ್ರೆ ಸೇರಬೇಕಾಗುತ್ತದೆ.

ನಮ್ಮ ಬಾಂಧವರಿಗೆ ವೈದ್ಯರು ವಾರದ ಗುಳಿಗೆಯನ್ನೇ ಕೊಟ್ಟರು. ಐದು ತಿಂಗಳ ಮೇಲೆ ಅದೇ ಹಾಳೆಯನ್ನು ಮತ್ತೆ ತುಂಬಿಸಿದಾಗ 17 ಇದ್ದದ್ದು 8ಕ್ಕೆ ಇಳಿದಿತ್ತು. ನಾಲ್ಕು ಅಂಕ ಇಳಿದರೆ ನಿಜವಾದ ಬದಲಾವಣೆ ಎಂದು ತಜ್ಞರ ಲೆಕ್ಕ, ಇದು ಒಂಬತ್ತು. ಕೆಲಸದ 3 ಈಗ 1. ತುರಿಕೆ 1, ಬಟ್ಟೆ 1, ಮದ್ದಿನ ತಾಪತ್ರಯ 1. ಮನೆಯ ಕೆಲಸ, ನೆಂಟರಿಷ್ಟರು ಸೊನ್ನೆ. ಮರ ಹತ್ತುತ್ತಿದ್ದಾರೆ. ಉಳಿದ ನಾಲ್ಕು ಅಂಕ ಎಲ್ಲಿ ಎಂದು ಹುಡುಕಿದರೆ, ನಾಚಿಕೆಯಲ್ಲಿ ಎರಡು, ಜನರೊಂದಿಗೆ ಬೆರೆಯುವುದರಲ್ಲಿ ಎರಡು. ಗುಳಿಗೆ ಅಂಗೈಯನ್ನು ಸುಮಾರಾಗಿ ವಾಸಿಮಾಡಿದೆ. ಈ ನಾಲ್ಕು ಅಂಕ ಅಂಗೈಯಲ್ಲಿ ಇಲ್ಲ, ನಮ್ಮ ಇಗರ್ಜಿಯ ಬೆಂಚುಗಳಲ್ಲಿ ಇದೆ.

ಮುಂದಿನ ತೆನೆ ಹಬ್ಬಕ್ಕೆ ನಡುವಿನ ಬುಟ್ಟಿಯನ್ನು ಹಿಡಿಯಬೇಕೆಂದು ಅವರನ್ನು ಕೇಳಿದ್ದೇನೆ. ನೋಡೋಣ ಫಾದರ್ ಎಂದಿದ್ದಾರೆ, ಇನ್ನೂ ಒಪ್ಪಿಲ್ಲ. ಆ ದಿನ ನಾನು ಅವರ ಸಾಲಿನಲ್ಲಿಯೇ ನಿಂತು ತೆನೆ ತೆಗೆದುಕೊಳ್ಳುವವನಿದ್ದೇನೆ.

ನಿಮ್ಮ ಮನೆಯಲ್ಲಿ ಈ ರೋಗದವರು ಇದ್ದರೆ, ಮುಂದಿನ ಸಲ ಚರ್ಮವೈದ್ಯರ ಬಳಿ ಹೋಗುವ ಮೊದಲು ಒಂದು ವಾರ, ದಿನವೂ ರಾತ್ರಿ ಜಪಸರದ ಪ್ರಾರ್ಥನೆ ಮುಗಿದ ಮೇಲೆ, ಒಂದು ಕಾಗದದಲ್ಲಿ ಎರಡು ಸಾಲು ಬರೆದಿಡಿ: ಇವತ್ತು ಯಾವ ಕೆಲಸ ಮಾಡಲಾಗಲಿಲ್ಲ, ಎಲ್ಲಿಗೆ ಹೋಗಲಿಲ್ಲ. ಬರೆಯಲು ಬಾರದ ಹಿರಿಯರಿಗೆ ಮಕ್ಕಳು ಬರೆದುಕೊಡಲಿ. ಆ ಕಾಗದವನ್ನು ವೈದ್ಯರ ಮೇಜಿನ ಮೇಲಿಟ್ಟು, ಹತ್ತು ಪ್ರಶ್ನೆಯ ಹಾಳೆ ಇದೆಯೇ ಎಂದು ಕೇಳಿ.